ಬಸ್ಸಿನಲ್ಲಿ ಬಂದ ಆಂಟಿ

ಅಮೆರಿಕದ ಡೆಟ್ರಾಯ್ಟ್ ನಗರದ ಹೊರಗೆ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಸರ್ಕಾರಿ ಆಫೀಸಿನಲ್ಲಿ ಮೈಸೂರಿನ ಆಂಟಿಯೊಬ್ಬರಿದ್ದರು. ಜೈಲಿನಿಂದ ಷರತ್ತಿನ ಮೇಲೆ ಬಿಡುಗಡೆಯಾದವರ ಮೇಲೆ ಕಣ್ಣಿಡುವ ಅಧಿಕಾರಿ. ನಮ್ಮ ಆಫೀಸಿಗೆ ಬಂದು ಹಾಕಬೇಕಾದ ಹಾಜರಿಗೆ ತಡವಾದವರನ್ನು ಮತ್ತೆ ಜೈಲಿಗೆ ಕಳಿಸಿ ಎಂದು ಬಾಸ್ ಹೇಳಿದಾಗಲೆಲ್ಲ ಕನ್ನಡಕ ಹಣೆಗೇರಿಸಿ, ನನ್ನತ್ತ ತಿರುಗಿ, "ಬಸ್ ಲೇಟಾದ್ರೆ ಜೈಲಾ?" ಎನ್ನುತ್ತಿದ್ದರು.

"ಬಿಳಿಯರನ್ನ ಮನೆಯವ್ರು ಕಾರಲ್ಲಿ ಡ್ರಾಪ್ ಮಾಡ್ತಾರೆ. ಡೆಟ್ರಾಯ್ಟಿನ ಕಪ್ಪು ಹುಡುಗ್ರು ಎರಡು ಬಸ್ ಹಿಡೀಬೇಕು ಕಣೋ. ಆಮೇಲೆ ಇವ್ರೇ ಜಾಸ್ತಿ ವಾಪಸ್ ಜೈಲಿಗೆ ಹೋಗೋದು ಅಂತೀವಿ!"

ಒಂದು ಜನವರಿ ಬೆಳಿಗ್ಗೆ ಬಾಸ್ ಕರೆದ ಮೀಟಿಂಗಿಗೆ ಆಂಟಿಯ ಸುಳಿವೇ ಇಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಬೂಟಿನ ಹಿಮ ಒದರುತ್ತ ಒಳಬಂದರು. ಕಾರನ್ನು ಡೆಟ್ರಾಯ್ಟಿನಲ್ಲೇ ಬಿಟ್ಟು, ಆ ಹುಡುಗರು ಹಿಡಿಯುವ ಬಸ್ಸುಗಳಲ್ಲೇ ಬಂದಿದ್ದರು.

ನೇರ ಬಾಸ್ ಎದುರು ಹೋಗಿ ಎರಡೂ ಕೈ ಚಾಚಿದರು.

"ನಾನೂ ಲೇಟು. ಹಾಕಿ ಕೈಕೋಳ."