ನಳಿಗೆಯೊಳಗಿನ ಸೇವಂತಿಗೆ

ನವೆಂಬರ್ ಒಂಬತ್ತು, ಭಾನುವಾರ, ಬೆಳಗ್ಗೆ ಹತ್ತು ಇಪ್ಪತ್ತು. ತಾತನ ರಿವಾಲ್ವರ್ ನೋಡಲು ಪಿರಿಯಾಪಟ್ಟಣದಿಂದ ಹೊರಟವರು ಆಗ ಬಂದು ಬೈಕ್ ನಿಲ್ಲಿಸಿದರು. ಡೈರಿಯಲ್ಲಿ ಅಷ್ಟನ್ನು ಆಗಲೇ ಬರೆದುಕೊಂಡೆ. ಮಿಕ್ಕದ್ದನ್ನು ಬರೆಯಲು ಎರಡು ವಾರ ಕೈ ಬರಲಿಲ್ಲ.

ನಮ್ಮೂರು ಬೀಚನಹಳ್ಳಿಗೆ ಹತ್ತಿರ. ವಯಸ್ಸಿನಲ್ಲಿ ತಾತ ಸಾಲಿಗ್ರಾಮ, ಕೆ.ಆರ್. ನಗರದ ಕಡೆಯಿಂದ ಭತ್ತ ತಂದು ಕೋಟೆ, ಹುಣಸೂರು ಪೇಟೆಗಳಲ್ಲಿ ಮಾರುತ್ತಿದ್ದರು. ದುಡ್ಡು ಇಟ್ಟುಕೊಂಡು ಒಬ್ಬರೇ ಓಡಾಡಬೇಕಿತ್ತು, ಅದಕ್ಕೇ ಲೈಸೆನ್ಸ್ ಸಿಕ್ಕಿತ್ತು. ಮನುಷ್ಯರ ಮೇಲೆ ಒಂದು ಸಲವೂ ಹಾರಿಸಿದವರಲ್ಲ. ಗದ್ದೆಗೆ ಆನೆ ಇಳಿದಾಗ ಆಕಾಶಕ್ಕೆ ಹಾರಿಸಿದ್ದು ನಾಲ್ಕು ಸಲ ಎಂದು ಅವರದೇ ಲೆಕ್ಕ.

ಕಳೆದ ಸಲ ಲೈಸೆನ್ಸ್ ನವೀಕರಿಸಿ ಬಂದ ಕೆಲವೇ ತಿಂಗಳಲ್ಲಿ ತಾತನ ಕಣ್ಣು ಹೋಯಿತು. ನರ ಒಣಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದರು ಡಾಕ್ಟರು. ಈ ಡಿಸೆಂಬರ್ ಕೊನೆಗೆ ಲೈಸೆನ್ಸ್ ಮುಗಿಯುತ್ತದೆ. ಕಣ್ಣು ಕಾಣದವರಿಗೆ ಮತ್ತೆ ಕೊಡುವುದಿಲ್ಲ. ನನ್ನ ಹೆಸರಿಗೆ ಮಾಡಿಕೊಡಿ ಎಂದು ಹಾಕಿದ ಅರ್ಜಿ, ಅವಶ್ಯಕತೆ ಕಂಡುಬರುವುದಿಲ್ಲ ಎಂಬ ಒಂದು ಸಾಲಿನೊಂದಿಗೆ ವಾಪಸ್ಸಾಯಿತು. ಉಳಿದದ್ದು ಎರಡೇ ದಾರಿ: ಅನುಮತಿ ಪಡೆದು ಲೈಸೆನ್ಸ್ ಇದ್ದವರಿಗೆ ಮಾರುವುದು, ಇಲ್ಲವೇ ಠಾಣೆಗೆ ಒಪ್ಪಿಸುವುದು. ಪ್ರತಿ ಎಲೆಕ್ಷನ್‌ಗೂ ಠಾಣೆಯಲ್ಲಿ ಇಟ್ಟು ಬರುತ್ತಿದ್ದ ತಾತನಿಗೆ ಆ ಕೋಣೆ ಗೊತ್ತಿತ್ತು. ಚೀಟಿ ಕಟ್ಟಿದ ಕೋವಿಗಳ ರಾಶಿಯಲ್ಲಿ ಅದು ಬೀಳಬಾರದು, ಯಾವುದಾದರೂ ಮನೆಗೆ ಸೇರಬೇಕು ಎನ್ನುವುದೊಂದೇ ಅವರ ಆಸೆ. ಬೆಲೆಯ ಮಾತೇ ಎತ್ತಿರಲಿಲ್ಲ.

ಬಂದವರು ತಂಬಾಕು ಬೆಳೆಗಾರರು. ಹಣೆಯಲ್ಲಿ ವಿಭೂತಿ, ಮಾತು ಕಡಿಮೆ. ಕೊಳ್ಳಲು ಅವರಿಗೆ ಲೈಸೆನ್ಸ್ ಮಂಜೂರಾಗಿತ್ತು. ಅಜ್ಜಿ ದೇವರ ಮನೆಯಿಂದ ಚರ್ಮದ ಚೀಲ ತಂದು ಕೊಟ್ಟರು. ಬಂದವರು ರಿವಾಲ್ವರಿನ ಬಾಯನ್ನು ಗೋಡೆಯ ಕಡೆ ಮಾಡಿ ಬಿಚ್ಚಿ, ಒಳಗೆ ಗುಂಡಿಲ್ಲ ಎಂದು ಎರಡು ಸಲ ನೋಡಿಕೊಂಡರು. ಗುಂಡು ತುಂಬುವ ಚಕ್ರ ತಿರುಗಿಸಿದರೆ ಒಂದು ಕಡೆ ಕಚ್ಚಿ ನಿಂತಿತು. ಆಮೇಲೆ ಅದನ್ನು ಹಿಡಿದು ಅಲ್ಲಾಡಿಸಿದರು.

"ಹಲ್ಲು ಬಿದ್ದೋರ ದವಡೆ ಆಡ್ದಂಗೆ ಆಡ್ತದಲ್ಲ ಯಜಮಾನ್ರೇ."

"ನನ್ನ ದವಡೇನೂ ಅಂಗೇ ಆಡ್ತದೆ. ರಾಗಿ ಮುದ್ದೆ ನುಂಗಾಕಿಲ್ವಾ?" ಎಂದರು ತಾತ. ಇಬ್ಬರೂ ನಕ್ಕರು. ನನಗೂ ಧೈರ್ಯ ಬಂತು.

ನಂತರ ಅವರು ಹಿಂಬದಿಗೆ ಬಿಳಿ ಕಾಗದ ಹಿಡಿದು ನಳಿಗೆಯೊಳಗೆ ಇಣುಕಿದರು. ಬೆಳಕೇ ಕಾಣಲಿಲ್ಲ. ನಾನು ಪೊರಕೆ ಕಡ್ಡಿ ತಂದುಕೊಟ್ಟೆ. ತಳ್ಳಿದಾಗ ಕಂದು ಬಣ್ಣದ ಒಣಗಿದ ಎಸಳುಗಳು ಕಾಗದದ ಮೇಲೆ ಉದುರಿದವು, ಜೊತೆಗೆ ಕುಂಕುಮದ ಹಕ್ಕಳೆ.

ಅಜ್ಜಿ ಬಾಗಿಲಲ್ಲೇ ನಿಂತಿದ್ದರು. "ಆಯುಧಪೂಜೆ ಹೂವ ಕಣಪ್ಪ. ಸೇವಂತಿಗೆ. ಒಂದೊರ್ಸಾನೂ ತಪ್ಪಿಸಿಲ್ಲ ನಾನು, ತೀರ್ಥ ಚಿಮುಕ್ಸಿ, ಬಾಯಿಗೆ ಹೂವ ಇಕ್ಕೇ ಚೀಲಕ್ಕೆ ಆಕೋದು."

ಅವರು ಅಜ್ಜಿಯ ಮುಖ ನೋಡಿ, ಒಳ್ಳೇದು ಮಾಡಿದ್ದೀರಿ ತಾಯಿ ಎಂದರು. ಕಾಫಿ ಕುಡಿದು, ಯೋಚನೆ ಮಾಡಿ ಹೇಳುತ್ತೇನೆಂದು ಎದ್ದರು. ಬೈಕಿನ ಹತ್ತಿರ ಹೋದ ಮೇಲೆ ನನ್ನೊಬ್ಬನಿಗೇ ನಿಜ ಹೇಳಿದರು. ನಳಿಗೆಯ ಒಳಗೆಲ್ಲ ಸಿಡುಬಿನ ಕಲೆಯಂತೆ ಗುಳಿ ಬಿದ್ದಿದೆ. ಒಂದು ಗುಂಡು ಹಾರಿಸಿ ನೋಡದೆ ಇದು ಕೆಲಸ ಮಾಡುತ್ತದೆಂದು ಯಾರೂ ನಂಬುವುದಿಲ್ಲ. ಹಾರಿಸಲು ತಮಗೇ ಹೆದರಿಕೆ, ಕೈಯಲ್ಲೇ ಒಡೆಯಬಹುದು. "ಬೇಕಾದ್ರೆ ಚೀಲಕ್ಕೆ ಬೆಲೆ ಕಟ್ಬೋದು ಕಣಪ್ಪ," ಎಂದವರು ಬೇಜಾರು ಮಾಡಿಕೊಳ್ಳಬೇಡ ಎಂದು ಬೆನ್ನು ತಟ್ಟಿ ಹೋದರು.

ಜಗಲಿಗೆ ಬಂದರೆ ತಾತ ರಿವಾಲ್ವರನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಅದರ ಬಾಯಿ ಸವರುತ್ತಿದ್ದರು. ಅಜ್ಜಿ ಒಳಗೆ ಲೋಟ ತೊಳೆಯುತ್ತಿದ್ದರು. ಯೋಚನೆ ಮಾಡಿ ಹೇಳುತ್ತಾರಂತೆ ಎಂದು ನಾನೂ ಅದನ್ನೇ ಹೇಳಿದೆ.

"ಹೂವ ತಾನೇ?" ತಾತ ದನಿ ತಗ್ಗಿಸಿದರು. "ಔಳು ಇಕ್ಕೋಳು, ನಾನು ಮಾರನೇ ದಿನ ತೆಗ್ದು ಒರೆಸಿ ಎಣ್ಣೆ ಬುಡ್ತಿದ್ದೆ. ಹೊಲಿಗೆ ಮಿಷನ್ ಎಣ್ಣೆ. ಔಳ್ಗೆ ಗೊತ್ತಿಲ್ಲ. ಕಣ್ಣೋದ ಮ್ಯಾಕೆ ಚೀಲ ಎಲ್ಲಿಕ್ಕಿದ್ಲು ಅಂತ ಕೇಳ್ಳೇ ಇಲ್ಲ ಕಣ್ಲಾ."

ಕಣ್ಣು ಹೋದ ಮೇಲೆ ಐದು ದಸರಾ ಕಳೆದಿವೆ. ಕಬಿನಿ ಹಿನ್ನೀರಿನ ತೇವಕ್ಕೆ ನಮ್ಮ ಮನೆಯಲ್ಲಿ ಬೀಗದ ಕೈಯೇ ತುಕ್ಕು ಹಿಡಿಯುತ್ತದೆ. ಐದು ಸಲವೂ ಹೂ ಬಿಡಿಸಿ ತಂದುಕೊಟ್ಟವನು ನಾನೇ.

"ಔಳ್ಗೇಳ್ಬ್ಯಾಡ," ಎಂದರು. "ರೇಟು ಕುದುರ್ಲಿಲ್ಲ ಅನ್ನು."

ಹಾಗೆಯೇ ಹೇಳಿದೆ. ಅಜ್ಜಿ ಒಪ್ಪಿದರು. ಅಂಥ ಪೂಜೆಯ ಸಾಮಾನನ್ನು ಕಡಿಮೆಗೆ ಯಾಕೆ ಕೊಡಬೇಕು ಎನ್ನುವುದು ಅವರ ವಾದ. ಆಮೇಲೆ ಹುಣಸೂರಿನಿಂದ ಒಬ್ಬರು, ಕೆ.ಆರ್. ನಗರದಿಂದ ಒಬ್ಬರು ಬಂದು ನೋಡಿದರು. ಇಬ್ಬರೂ ನಳಿಗೆಗೆ ಬೆಳಕು ಬಿಟ್ಟು ನೋಡಿ, ಮಾತು ಬೆಳೆಸದೆ ಎದ್ದರು. ಮೈಸೂರಿನ ರಿಪೇರಿ ಅಂಗಡಿಯವರು ಫೋನಿನಲ್ಲೇ, ಇಷ್ಟು ಹಳೆಯದಕ್ಕೆ ನಳಿಗೆ ಸಿಗುವುದಿಲ್ಲ ಎಂದರು. ತಾತ ದಿನಾ ಸಂಜೆ ಯಾರಾದರೂ ಫೋನ್ ಮಾಡಿದ್ದರಾ ಎಂದು ಕೇಳುತ್ತಾರೆ. ಠಾಣೆಗೆ ಕೊಡುವುದಾದರೆ ಮುಂಚೆ ತಿಳಿಸು, ಒಂದು ಹೂ ಇಟ್ಟು ಕಳಿಸೋಣ ಎಂದು ಅಜ್ಜಿ ಹೇಳಿಟ್ಟಿದ್ದಾರೆ.

ಒಳಗೆ ಗುಳಿ ಬಿದ್ದ ಹಳೆಯ ನಳಿಗೆಯನ್ನು ಸರಿಮಾಡುವ ಉಪಾಯವಿದೆಯೇ? ಹಾರಿಸದಿದ್ದರೂ ಪರವಾಗಿಲ್ಲ, ಕಾನೂನು ಪ್ರಕಾರ ಮನೆಯಲ್ಲಿಟ್ಟುಕೊಳ್ಳುತ್ತೇವೆ ಎನ್ನುವವರು ಎಲ್ಲಾದರೂ ಇದ್ದಾರೆಯೇ? ಗೊತ್ತಿದ್ದವರು ಡಿಸೆಂಬರ್ ಮುಗಿಯುವುದರೊಳಗೆ ದಯವಿಟ್ಟು ನನಗೆ ಬರೆಯಿರಿ. ಪತ್ರವನ್ನು ತಾತನಿಗೆ ಓದಿ ಹೇಳುವವನು ನಾನೇ. ಆಗುವುದಿಲ್ಲ ಎನ್ನುವುದಿದ್ದರೂ ಬರೆಯಿರಿ.