ಪ್ರಸಾದದ ಅರ್ಧ ಬಾಳೆಹಣ್ಣು

ಗೋಕುಲಂ ಬಡಾವಣೆಯ ಮನೆಮನೆಗೆ ಹಪ್ಪಳ, ಚಟ್ನಿಪುಡಿ ಹೊತ್ತು ಮಾರಿ ಮಗನನ್ನು ಓದಿಸಿದ ಶಾಂತಾದೇವಿ ಯಾರಿಗೂ ಸೊಪ್ಪು ಹಾಕಿದವರಲ್ಲ. ಚೌಕಾಸಿಗಿಳಿದವರ ಬಾಯನ್ನು ಕಣ್ಣಲ್ಲೇ ಮುಚ್ಚಿಸುತ್ತಿದ್ದರು. ಅಂಥವರು 2006ರ ಆ ಬೆಳಗ್ಗೆ ಆಸ್ಪತ್ರೆಯ ಕೋಣೆಯಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾ ಕೂತಿದ್ದರು.

ಗಂಡ ರುದ್ರಸ್ವಾಮಿ ಮೇಟಗಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದವರು. ಮಿದುಳಿನ ರಕ್ತನಾಳಗಳು ಕಿರಿದಾಗಿ, ಮರೆವು ಹೆಚ್ಚುತ್ತಾ ಹೋಗಿ, ಕೊನೆಗೆ ಹೆಂಡತಿಯ ಗುರುತೂ ಹೋಗಿತ್ತು. ತೊಡೆಯ ನಾಳದಿಂದ ಸಣ್ಣ ಕೊಳವೆಯನ್ನು ಮಿದುಳಿನವರೆಗೆ ಒಯ್ದು, ಲೇಸರ್ ಬೆಳಕಿನಿಂದ ದಾರಿ ಬಿಡಿಸುವ ಹೊಸ ಚಿಕಿತ್ಸೆಯೊಂದಿದೆ ಎಂದರು ಡಾಕ್ಟರು. ಗುಣವಾಗುವ ಖಾತ್ರಿಯಿಲ್ಲ, ಹೆಚ್ಚುಕಮ್ಮಿಯಾದರೆ ಪಾರ್ಶ್ವವಾಯು. ಮಾಡುವ ತಜ್ಞರು ಹೊರದೇಶದವರು, ಮಧ್ಯಾಹ್ನಕ್ಕೇ ಹೊರಡುವವರು. ಚಿಕಿತ್ಸೆ ಮುಗಿಯುವವರೆಗೆ ರೋಗಿಗೆ ತೊಟ್ಟು ನೀರೂ ಕೂಡದು ಎಂದು ನರ್ಸು ಕಮಲ ಹೇಳಿ ಹೇಳಿ ಹೋಗಿದ್ದಳು.

ಆದರೆ ಪೂಜೆ? ಎಲ್ಲ ಮರೆತರೂ ರುದ್ರಸ್ವಾಮಿ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವುದನ್ನು ಮರೆತಿರಲಿಲ್ಲ. ತಪ್ಪಿದರೆ ರಂಪ. ಹಾಗಾಗಿ ಶಾಂತಾದೇವಿ ಮಂಚದ ಮೇಲೇ ವಿಭೂತಿ, ಹೂವು, ನೈವೇದ್ಯಕ್ಕೊಂದು ಬಾಳೆಹಣ್ಣು ಇಟ್ಟುಕೊಟ್ಟರು. ಪ್ರಸಾದವನ್ನು ತಿಂಡಿಯೆಂದು ಯಾರು ಎಣಿಸುತ್ತಾರೆ? ಆಕೆಗೆ ಹೊಳೆಯಲೇ ಇಲ್ಲ.

ಪೂಜೆ ಮುಗಿಸಿ ರುದ್ರಸ್ವಾಮಿ ಹಣ್ಣು ಮುರಿದು ಅರ್ಧ ಬಾಯಿಗೆ ಹಾಕಿಕೊಂಡರು. ಉಳಿದರ್ಧ ಚಾಚಿ, "ತಗೊ ಶಾಂತಾ, ನೀನೂ ಏನೂ ತಿಂದಿಲ್ಲ" ಅಂದರು.

ಆ ಬಾಯಲ್ಲಿ ಆ ಹೆಸರು ಕೇಳಿ ವರ್ಷವಾಗಿತ್ತು. ಆಕೆ ಸಂತೋಷದಿಂದ ಹಣ್ಣಿಗೆ ಕೈಯೊಡ್ಡಿದರು. ಮರುಗಳಿಗೆಯೇ ನರ್ಸಿನ ಮಾತು ನೆನಪಾಯಿತು. ಅಯ್ಯೋ, ನುಂಗಿಯೇಬಿಟ್ಟರಲ್ಲ!

ಆಗಷ್ಟೇ ಒಳಬಂದ ಮಗ ಮಹೇಶ್ ತಲೆ ಚಚ್ಚಿಕೊಂಡ. "ಏನಮ್ಮ ಮಾಡ್ಬುಟ್ಟೆ! ಅರ್ಧ ಹಣ್ಣು ತಾನೇ, ಸುಮ್ನಿದ್ಬುಡು. ಆ ಡಾಕ್ಟ್ರು ಹೋದ್ರೆ ಮತ್ತೆ ಯಾವಾಗ ಬರ್ತಾರೋ ಏನೋ."

ಹೇಳಿದರೆ ಇದ್ದೊಂದು ಅವಕಾಶವೂ ಹೋಯಿತು. ಹೇಳದೇ ಇದ್ದು, ಅರಿವಳಿಕೆ ಕೊಟ್ಟಾಗ ವಾಂತಿಯಾಗಿ ಉಸಿರು ಕಟ್ಟಿದರೆ? ಅಷ್ಟರಲ್ಲಿ ಕಮಲ ಸ್ಟ್ರೆಚರ್ ತಂದೇಬಿಟ್ಟಳು.

"ಏನೂ ಕೊಟ್ಟಿಲ್ಲ ತಾನೇ ಅಜ್ಜಿ?"

ಮಹೇಶ್ ಅಮ್ಮನನ್ನೇ ದುರುಗುಟ್ಟಿ ನೋಡಿದ.

"ಕೊಟ್ಬುಟ್ಟೆ ಕಣಮ್ಮ" ಅಂದರು ಶಾಂತಾದೇವಿ.

ಹೊಟ್ಟೆ ಖಾಲಿಯಾಗುವ ಹೊತ್ತಿಗೆ ತಜ್ಞರು ಹೊರಟಿರುತ್ತಾರೆಂದು ಚಿಕಿತ್ಸೆ ರದ್ದಾಯಿತು. ಮಹೇಶ್ ಹೊರಗೆ ಹೋದ. ಶಾಂತಾದೇವಿ ಗಂಡನ ಪಕ್ಕ ಕೂತರು. ಹೆಸರು ಬಂದಿದೆಯಲ್ಲ, ಅಷ್ಟಾದರೂ ಉಳಿಯಿತಲ್ಲ ಎಂಬ ಆಸೆಯಿಂದ ಅವರ ಕೈ ಹಿಡಿದು, "ರೀ, ಇನ್ನೊಂದ್ಸಲ ನನ್ನ ಹೆಸರು ಹೇಳಿ" ಅಂದರು.

ರುದ್ರಸ್ವಾಮಿ ಮೆಲ್ಲಗೆ ಕೈ ಬಿಡಿಸಿಕೊಂಡರು. "ಗೊತ್ತಾಗ್ಲಿಲ್ಲ ಕಣಮ್ಮ. ನಮ್ಮ ಮನೆಯವಳು ಈಗ ಬರ್ತಾಳೆ, ಅವಳನ್ನ ಕೇಳಿ."