ಆಫ್ರಿಕಾದಲ್ಲಿ ಆಟಿ ಯಾವಾಗ?

ನಮ್ಮ ಕಡೆ ಎಲ್ಲ ಕೆಲಸಕ್ಕೂ ಒಂದೇ ಮುಹೂರ್ತ: ಮಳೆ ಬಿಟ್ಟ ಮೇಲೆ. ಮನೆಗೆ ಬಣ್ಣ ಬಳಿಯುವುದು ಮಳೆ ಬಿಟ್ಟ ಮೇಲೆ, ಹೆಣ್ಣು ನೋಡಲು ಹೋಗುವುದು ಮಳೆ ಬಿಟ್ಟ ಮೇಲೆ, ಮಂಡಿಯ ಆಪರೇಷನ್ ಕೂಡ ಮಳೆ ಬಿಟ್ಟ ಮೇಲೆ. ಕಳೆದ ವರ್ಷ ಮಣಿಪಾಲದ ಟ್ರಾವೆಲ್ ಆಫೀಸಿನವನು ಫೋನಿನಲ್ಲಿ, ಆಫ್ರಿಕಾ ಸಫಾರಿಗೆ ಯಾವಾಗ ಹೋಗುತ್ತೀರಿ ಎಂದು ಕೇಳಿದಾಗ ನಾನೂ ಯೋಚನೆ ಮಾಡದೆ "ಮಳೆ ಬಿಟ್ಟ ಮೇಲೆ" ಎಂದುಬಿಟ್ಟೆ.

ಎರಡು ದಿನ ಕಳೆದು ಮೊಬೈಲಿಗೆ ಅವನ ಪಟ್ಟಿ ಬಂತು. ಹೊರಡುವುದು ಆಗಸ್ಟ್ ಮೊದಲ ವಾರ. ನನಗೆ ಸಿಟ್ಟು ನೆತ್ತಿಗೇರಿತು. ಫೋನಿನಲ್ಲಿ ಬೈದರೆ ಸಾಲದು ಎನಿಸಿ ಕಡಿಯಾಳಿಯಲ್ಲಿ ಬಸ್ಸು ಹತ್ತಿ ಮಣಿಪಾಲಕ್ಕೇ ಹೋದೆ. ಅವನು ನನ್ನ ಹಳೆಯ ವಿದ್ಯಾರ್ಥಿ. ಕಾರ್ಕಳದ ಶಾಲೆಯಲ್ಲಿ ನಾನು ಭೂಗೋಳ ಕಲಿಸುತ್ತಿದ್ದಾಗ ಕೊನೆಯ ಬೆಂಚಿನಲ್ಲಿ ಕೂತು ಕಿಟಕಿಯಿಂದ ಹೊರಗೆ ನೋಡುತ್ತಿದ್ದವನು. ಈಗ ಗಡ್ಡ ಅರ್ಧ ಬೆಳ್ಳಗಾಗಿದೆ.

"ಎಂತ ಮಾರಾಯ ಇದು, ಆಗಸ್ಟಿನಲ್ಲಿ ಕೊಡೆ ಹಿಡಿದುಕೊಂಡು ಸಿಂಹ ನೋಡುವುದಾ?" ಎಂದೆ.

"ಟೀಚರ್, ಅಲ್ಲಿ ದೊಡ್ಡ ಮಳೆ ಬಿಡುವುದು ಮೇ ಕೊನೆಗೆ. ಮತ್ತೆ ನಾಲ್ಕೈದು ತಿಂಗಳು ಒಣ ಹವೆ. ಸಫಾರಿಗೆ ಅದೇ ಒಳ್ಳೆಯ ಕಾಲ. ನಮ್ಮ ಮಳೆಗಾಲ ಎಲ್ಲರ ಮಳೆಗಾಲ ಅಲ್ಲ ಅಂತ ಕ್ಲಾಸಿನಲ್ಲಿ ನೀವೇ ಹೇಳಿದ್ದಲ್ವಾ?" ಎಂದು ಅವನು ವಿನಯದಿಂದ ಹೇಳಿದ.

ದೀಪದ ಬುಡದಲ್ಲೇ ಕತ್ತಲೆ. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಭೂಮಧ್ಯರೇಖೆ ಎಳೆದವಳು ನಾನು. ನಾಚಿಕೆಯಾಯಿತು. ಆ ನಾಚಿಕೆಯ ಹಿಂದೆಯೇ ಒಂದು ಹೆದರಿಕೆಯೂ ಬಂತು. ಆಗಸ್ಟ್ ಮೊದಲ ವಾರವೆಂದರೆ ಆಟಿ ತಿಂಗಳು. ತುಳುವರ ಲೆಕ್ಕದಲ್ಲಿ ಆಟಿಯಲ್ಲಿ ಯಾವ ಶುಭಕಾರ್ಯವೂ ಇಲ್ಲ, ಹೊಸದೇನನ್ನೂ ತೊಡಗುವಂತಿಲ್ಲ. ನನಗೆ ಅದೆಲ್ಲ ಅಷ್ಟಕ್ಕಷ್ಟೆ. ಆದರೆ ಈ ಪ್ರಯಾಣ ಅಕ್ಕನ ಜೊತೆ. ಅವಳು ಬರುವುದಿಲ್ಲವಾದರೆ ನನಗೆ ಆಫ್ರಿಕಾ ಬೇಕಾಗಿಯೇ ಇರಲಿಲ್ಲ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು. ಸಂಜೆ ಅವಳು ಮಡಿಲಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ ಎಂಬ ಮೊರ ಇಟ್ಟುಕೊಂಡು ಕೂತರೆ ನಾನು ಎದುರು ಕೂತು ಪಾಠ ಗಟ್ಟಿಯಾಗಿ ಓದಬೇಕು. ಅದು ಅವಳ ಕಟ್ಟಪ್ಪಣೆ. ಗಣಿತ ಅವಳಿಗೆ ಬೇಡ, ಇತಿಹಾಸ ಪರವಾಗಿಲ್ಲ, ಭೂಗೋಳ ಎಂದರೆ ಕೈ ಇನ್ನೂ ಚುರುಕಾಗುತ್ತಿತ್ತು. ಒಮ್ಮೆ ಶಾಲೆಯ ಲೈಬ್ರರಿಯಿಂದ ಆಫ್ರಿಕಾದ ಚಿತ್ರಪುಸ್ತಕ ತಂದು ಸವನ್ನಾ ಹುಲ್ಲುಗಾವಲಿನ ಬಗ್ಗೆ ಓದಿ ಹೇಳಿದೆ. ದನದ ಹಾಗಿರುವ ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್‌ಗಳು ಮಳೆಯ ಹಿಂದೆ ಹುಲ್ಲು ಹುಡುಕಿಕೊಂಡು ಹೋಗುತ್ತವೆ, ದಾರಿಯಲ್ಲಿ ಹೊಳೆ ದಾಟುತ್ತವೆ, ಹೊಳೆಯಲ್ಲಿ ಮೊಸಳೆಗಳಿರುತ್ತವೆ ಎಂದು. ಅಕ್ಕ ಎಲ್ಲ ಕೇಳಿ ಕೊನೆಗೆ, "ಅಲ್ಲಿ ಆಟಿ ಯಾವಾಗ?" ಎಂದಳು. ಪುಸ್ತಕದಲ್ಲಿ ಅದು ಇರಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ಟೀಚರನ್ನು ಕೇಳಿ ಬಾ ಎಂದಳು. ನಗುತ್ತಾರೆಂದು ನಾನು ಕೇಳಲಿಲ್ಲ.

ಆ ಹೊಳೆ ದಾಟುವ ಚಿತ್ರ ಮಾತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಪ್ರತಿ ವರ್ಷ ಮಕ್ಕಳಿಗೆ ಅದನ್ನು ಕೈ ಬೀಸಿ ಬೀಸಿ ಹೇಳುತ್ತಿದ್ದೆ. ನೋಡಿದ್ದೇನೋ ಎಂಬಂತೆ ಹೇಳುತ್ತಿದ್ದೆ. ಎಲ್ಲ ಪುಸ್ತಕದ ಬದನೆಕಾಯಿ.

ಹೋಗುವುದು ಆಗಸ್ಟಿನಲ್ಲಿ, ಆಟಿಯಲ್ಲೇ ಎಂದು ಹೇಳಲು ಅಕ್ಕನ ಊರು ಬೆಳ್ಮಣ್‌ಗೆ ಹೊರಟೆ. ಕಾಪು ದಾಟಿ ಪಡುಬಿದ್ರಿಯಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಸೀರೆ ಅಂಚು ಒದ್ದೆ. ಅಕ್ಕ ವರ್ಷದ ಮೊದಲ ಕೆಸುವಿನೆಲೆಯ ಪತ್ರೊಡೆ ಮಾಡಿದ್ದಳು. ನಾನು ತಿನ್ನುವ ಮೊದಲೇ ವಿಷಯ ತೆಗೆದೆ.

"ಆಟಿಯಲ್ಲಿ ನಾನು ಎಲ್ಲಿಗೂ ಇಲ್ಲ. ಆಟಿ ಅಮಾವಾಸ್ಯೆಗೆ ಕಷಾಯ ಯಾರು ಮಾಡುವುದು?" ಎಂದಳು ಅಕ್ಕ.

ಆ ದಿನ ಬೆಳಿಗ್ಗೆ ಪಾಲೆ ಮರದ ತೊಗಟೆ ಜಜ್ಜಿ ಕಷಾಯ ಕುಡಿಯುವುದು ನಮ್ಮಲ್ಲಿ ಪದ್ಧತಿ. ಕಹಿ ಎಂದರೆ ಕಹಿ. ಅಕ್ಕನ ಮನೆಗೆ ನೆರೆಕರೆಯವರೆಲ್ಲ ಲೋಟ ಹಿಡಿದು ಬರುತ್ತಾರೆ. ಪಾಲೆ ಎಂದುಕೊಂಡು ಯಾರಾದರೂ ಕಾಸರಕನ ತೊಗಟೆ ತಂದರೆ ಕಥೆ ಮುಗಿಯಿತು, ಅದು ವಿಷ. ಅದಕ್ಕೇ ಅವಳು ಮೂಸಿ ನೋಡಿ ಹೂಂ ಎಂದ ಮೇಲೆಯೇ ತೊಗಟೆ ಒಳಗೆ ಹೋಗುವುದು.

"ನಿನ್ನ ಸೊಸೆಗೂ ಮೂಗು ಉಂಟಲ್ಲ? ಒಂದು ವರ್ಷ ಅವಳು ನೋಡಲಿ" ಎಂದೆ.

"ಆಗುವುದಿಲ್ಲ" ಎಂದಳು. ಅವಳು ಆಗುವುದಿಲ್ಲ ಎಂದರೆ ಬ್ರಹ್ಮ ಬಂದರೂ ಆಗುವುದಿಲ್ಲ.

ನನ್ನ ಬಾಯಿ ಸುಮ್ಮನಿರುವ ಬಾಯಿಯಲ್ಲ. "ಹಾಗಾದರೆ ಪಾಲೆ ಮರದ ಬುಡದಲ್ಲೇ ಕೂತಿರು. ಹೊಳೆ ದಾಟುವುದನ್ನು ನಾನೊಬ್ಬಳೇ ನೋಡಿ ಬರುತ್ತೇನೆ" ಎಂದು ಎದ್ದುಬಿಟ್ಟೆ. ಪತ್ರೊಡೆ ಕಟ್ಟಿಕೊಟ್ಟದ್ದನ್ನೂ ತೆಗೆದುಕೊಳ್ಳಲಿಲ್ಲ. ಬಸ್ಸು ಕಾಪು ಮುಟ್ಟುವಾಗ ಹೊಟ್ಟೆ ಹಸಿದು ಬುದ್ಧಿ ಬಂದಿತ್ತು, ಆದರೆ ಹಿಂತಿರುಗುವ ಮನಸ್ಸು ಬರಲಿಲ್ಲ.

ಹತ್ತು ದಿನ ಫೋನಿಲ್ಲ. ಇಬ್ಬರೂ ಮಾಡಲಿಲ್ಲ. ಮನೆಯವರು ವಿಮಾನ ಹತ್ತುವವರಲ್ಲ, ಅಕ್ಕತಂಗಿಯರ ಜಗಳಕ್ಕೆ ಬಾಯಿ ಹಾಕುವವರೂ ಅಲ್ಲ. ಮಣಿಪಾಲದಿಂದ ಮಾತ್ರ ದಿನಾ ಫೋನ್: "ಟೀಚರ್, ಎರಡು ಸೀಟಾ, ಒಂದಾ? ಸೋಮವಾರದೊಳಗೆ ಹೇಳಬೇಕು." ಒಂದು ಎಂದು ಹೇಳಲು ನಾಲಿಗೆ ಏಳಲಿಲ್ಲ. ಬೇರೆ ಯಾವ ತಿಂಗಳಿನಲ್ಲಿ ಹೋಗಬಹುದು ಎಂದು ಕೇಳಿದೆ. ಫೆಬ್ರವರಿಯಲ್ಲೂ ಹೋಗಬಹುದು, ಆದರೆ ಹೊಳೆ ದಾಟುವುದು ಸಿಗುವುದಿಲ್ಲ, ಆಗ ಆ ಹಿಂಡುಗಳು ದಕ್ಷಿಣದ ಬಯಲಿನಲ್ಲಿ ಕರು ಹಾಕುತ್ತಿರುತ್ತವೆ ಎಂದ. ಐವತ್ತು ವರ್ಷ ಕಾದದ್ದು ಹೊಳೆಗಾಗಿ. ಕರು ನೋಡಲು ಆಫ್ರಿಕಾಕ್ಕೆ ಯಾಕೆ ಹೋಗಬೇಕು ಎನಿಸಿತು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಅಕ್ಕ. ಒಂದು ಕೈಯಲ್ಲಿ ನೀರು ಸೋರುವ ಕೊಡೆ, ಇನ್ನೊಂದರಲ್ಲಿ ಪತ್ರೊಡೆಯ ಡಬ್ಬಿ. ಚಾ ಕುಡಿದು, ತಲೆ ಒರೆಸಿಕೊಂಡು, ಗೋಡೆ ನೋಡುತ್ತಾ ಹೇಳಿದಳು.

"ಕಷಾಯದ ಮಾತು ಸುಳ್ಳಲ್ಲ. ಆದರೆ ಅದೊಂದೇ ಅಲ್ಲ. ಆ ಹೊಳೆ ದಾಟುವುದನ್ನು ನನ್ನಿಂದ ನೋಡಲಿಕ್ಕೆ ಆಗುವುದಿಲ್ಲ, ಮಾರಾಯ್ತಿ. ನೀನು ಅವತ್ತು ಓದಿದೆಯಲ್ಲ, ತಾಯಿ ಈ ದಡ, ಕರು ನೀರಲ್ಲಿ, ಮೊಸಳೆ ಹಿಡಿಯುತ್ತದೆ ಅಂತ. ಆ ದಿನ ನಾನು ಕಟ್ಟಿದ ಬೀಡಿಯೆಲ್ಲ ಸಡಿಲ ಆಗಿ ಡಿಪೋದಿಂದ ವಾಪಸು ಬಂದಿತ್ತು. ನಿನಗೆ ಖುಷಿ, ಅದಕ್ಕೆ ಹೇಳಲಿಲ್ಲ."

ಐವತ್ತು ವರ್ಷ ನಾನು ಕಂಡ ಚಿತ್ರದಲ್ಲಿ ಹಿಂಡು ಮಾತ್ರ ಇತ್ತು. ಅವಳು ಕೇಳಿದ್ದರಲ್ಲಿ ಒಂದು ಕರು ಇತ್ತು. ಹಟ್ಟಿಯಲ್ಲಿ ಎಷ್ಟೋ ದನಗಳ ಬಾಣಂತನ ಮಾಡಿದವಳು ಅವಳು.

"ಅಕ್ಕ, ಅವು ಕರು ಹಾಕುವ ಕಾಲವೂ ಒಂದು ಉಂಟಂತೆ. ಫೆಬ್ರವರಿ" ಎಂದೆ.

ಅವಳು ಮೊದಲ ಬಾರಿ ನನ್ನ ಮುಖ ನೋಡಿದಳು. "ಅದನ್ನು ಮೊದಲೇ ಹೇಳುವುದಲ್ವಾ?" ಎಂದಳು. ಸೋಮವಾರ ಮಣಿಪಾಲಕ್ಕೆ ಫೋನ್ ಮಾಡಿ ಎರಡು ಸೀಟು ಎಂದೆ.

ಫೆಬ್ರವರಿಯಲ್ಲಿ ಹೋದೆವು. ಸೆರೆಂಗೆಟಿಯ ದಕ್ಷಿಣದ ಬಯಲಿನಲ್ಲಿ ಹುಲ್ಲು ಗಿಡ್ಡ, ಹಸಿರು. ಕಣ್ಣು ಹೋದಷ್ಟು ದೂರ ವೈಲ್ಡ್‌ಬೀಸ್ಟ್. ಅಕ್ಕ ಸೀರೆಯ ಮೇಲೆ ಸೊಸೆಯ ಸ್ವೆಟರ್ ಹಾಕಿ, ಜೀಪಿನ ತೆರೆದ ಮಾಡಿನಿಂದ ತಲೆ ಹೊರಗೆ ಹಾಕಿ ನಿಂತಿದ್ದಳು. ಎರಡನೆಯ ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ ಮಾಡಿಗೆ ತಟ್ಟಿ "ನಿಲ್ಲಿಸಿ" ಎಂದಳು. ಡ್ರೈವರನಿಗೆ ಭಾಷೆ ಬಾರದಿದ್ದರೂ ನಿಲ್ಲಿಸಿದ. ಗುಂಪಿನಿಂದ ಸ್ವಲ್ಪ ಆಚೆ ಒಂದು ತಾಯಿ ಸುತ್ತು ಹಾಕುತ್ತಿತ್ತು. ನನಗೂ ಡ್ರೈವರನಿಗೂ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

"ಈಗ ಹಾಕುತ್ತದೆ. ಎಂಜಿನ್ ಬಂದ್ ಮಾಡಲು ಹೇಳು" ಎಂದಳು.

ಹಾಕಿತು. ಮಲಗಿತು, ಎದ್ದಿತು, ಮತ್ತೆ ಮಲಗಿತು. ಕರು ಹುಲ್ಲಿಗೆ ಬಿತ್ತು. ಅಕ್ಕನ ಬಲಗೈ ಕರುವಿನ ಮೂಗಿನ ಲೋಳೆ ಒರೆಸಲು ಹೋದಂತೆ ತಾನಾಗಿ ಮುಂದೆ ಚಾಚಿಕೊಂಡಿತು. ತಾಯಿ ನೆಕ್ಕಿತು. ಕರು ಕಾಲು ಊರಿ ಎರಡು ಸಲ ಮುಗ್ಗರಿಸಿ, ಮೂರನೆಯ ಸಲ ನಿಂತಿತು. ನಾವು ತಂದ ಬಿಸಿ ಚಾ ಆರುವ ಮೊದಲೇ ಅದು ತಾಯಿಯ ಜೊತೆ ಹೆಜ್ಜೆ ಹಾಕಿತು. ದೂರದಲ್ಲಿ ಒಂದು ಕತ್ತೆಕಿರುಬ ಕೂತಿತ್ತು. ಅಕ್ಕ ಅದನ್ನೂ ನೋಡಿದಳು. ಕರು ಹಿಂಡಿನೊಳಗೆ ಸೇರುವವರೆಗೆ ಜೀಪು ಕದಲಲು ಬಿಡಲಿಲ್ಲ. ಆಮೇಲೆ ಕೂತು, ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದಳು:

"ಇಲ್ಲಿ ಆಟಿ ಯಾವಾಗ?"

"ಏಪ್ರಿಲ್, ಮೇ. ದೊಡ್ಡ ಮಳೆ. ದಾರಿಯೆಲ್ಲ ಕೆಸರು, ಎಷ್ಟೋ ಕ್ಯಾಂಪು ಮುಚ್ಚುತ್ತಾರಂತೆ, ಯಾರೂ ಹೊರಡುವುದಿಲ್ಲ" ಎಂದೆ. ಈ ಸಲ ನನಗೆ ಗೊತ್ತಿತ್ತು.

"ಹಾಗಾದರೆ ಇಲ್ಲಿಯೂ ಉಂಟು" ಎಂದಳು ಸಮಾಧಾನದಿಂದ.

ಈ ವರ್ಷ ಆಟಿ ಅಮಾವಾಸ್ಯೆಗೆ ನಾನು ಬೆಳ್ಮಣ್‌ನಲ್ಲೇ ಇದ್ದೆ. ಅಕ್ಕ ತೊಗಟೆ ಮೂಸಿ ಹೂಂ ಎಂದಳು, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಅರೆದಳು, ನೆರೆಕರೆಯವರು ಲೋಟ ಹಿಡಿದು ಬಂದರು. ಪಕ್ಕದ ಮನೆಯ ಬಾಯಮ್ಮನ ಮಗ ದುಬೈಯಲ್ಲಿದ್ದಾನೆ. ಅಲ್ಲಿಂದ ಆಫ್ರಿಕಾಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನಂತೆ. ಯಾವ ಸೀಸನ್ ಒಳ್ಳೆಯದು ಎಂದು ಅವರು ಕೇಳಿದ್ದು ನನ್ನನ್ನು, ಟೀಚರ್ ಎಂದು. ಉತ್ತರ ಕೊಟ್ಟದ್ದು ಅಕ್ಕ.

"ಕರು ಹಾಕುವಾಗ ಹೋಗಬೇಕು, ಬಾಯಮ್ಮ. ಇವಳಿಗೆ ಅದೆಲ್ಲ ಗೊತ್ತಿರಲಿಲ್ಲ, ನಾನೇ ಹೇಳಿಕೊಟ್ಟದ್ದು."

ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು ನಾನು. ಬಾಯಿ ತುಂಬ ಕಷಾಯ ಇತ್ತು. ನುಂಗಿ, ಹೌದು ಎಂದೆ.